ಬೊಂಬಿ ಕೇಳಿದ ಎರಡು ಮಾತು

ಇದನ್ನ ಓದಿ ‘ಈಕಿ ಕತಿ ಕಟ್ಟಾಕತ್ಯಾಳ’ ಅನ್ನೋರ ಕೂಡ ನಾನು ಜಗಳಕ್ಕ ಬರಂಗಿಲ್ಲ. ಅನ್ಕೊಳ್ರಿ. ಹದಿನೈದು ವರ್ಷ ಆಸ್ಪತ್ರ್ಯಾಗ ದುಡಿದೀನಿ. ಹೆಣ ಇಟ್ಟಿರೋ ಕೋಣಿ ಬಾಜೂಕ ಕುಂತು ಡಬ್ಬಿ ಊಟ ಮಾಡೀನಿ. ನೈಟ್ ಡ್ಯೂಟಿನ್ಯಾಗ ಒಬ್ಬಾಕಿನೇ ಕತ್ತಲ ವರಾಂಡ ತಿರುಗ್ಯಾಡೀನಿ, ಒಂದಿನಾನೂ ಎದಿ ಝಲ್ ಅಂದಿಲ್ಲ. ಅಂಥಾ ನಾನು ಇವತ್ತು ಒಂದು ರಬ್ಬರ್ ಬೊಂಬಿ ಇಟ್ಟಿರೋ ಕೋಣಿ ಮುಂದ ಹಾಯೋವಾಗ ದಬದಬ ಹೆಜ್ಜಿ ಹಾಕ್ತೀನಿ. ಆಗಿದ್ದು ಆಗೇತಿ. ಆದದ್ದನ್ನ ಆದಂಗ ಹೇಳ್ತೀನಿ.

ಅಮಾಸಿ ಇರಲಿಲ್ಲ. ನಡುರಾತ್ರಿನೂ ಇರಲಿಲ್ಲ. ರಾತ್ರಿ ಏಳೂವರಿ ಅಷ್ಟ. ಗೇಟಿನ ಹೊರಗ ಮಿರ್ಚಿ ಬಂಡಿಯವ ಇನ್ನಾ ಎಣ್ಣಿ ಕಾಸಿಕೊಂತ ನಿಂತಿದ್ದ, ಆ ವಾಸನಿ ನಾವಿದ್ದ ಕೋಣಿತನಕ ಬರ್ತಿತ್ತು. ಅಂಥಾ ಹೊತ್ತಿನ್ಯಾಗ ಹಿಂಗಾಗ್ತೈತಿ ಅಂತ ಯಾರು ಅನ್ಕೊಂತಾರ ಹೇಳ್ರಿ?

ಆಸ್ಪತ್ರಿ ಯಾವುದು ಅಂತ ಮಾತ್ರ ಕೇಳಬ್ಯಾಡ್ರಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ... ಈ ಐದು ಊರಿನ ನಡುವ ಎಲ್ಲೋ ಒಂದು ಟ್ರಸ್ಟಿನ ಆಸ್ಪತ್ರಿ. ಬಾಜೂಕ ಅದರದೇ ನರ್ಸಿಂಗ್ ಸ್ಕೂಲು. ನಾನು ಅಲ್ಲಿ ಟೀಚರು. ಹೆಸರು ಶಮೀಮ್ ಅಂತ ಇಟ್ಕೊಳ್ರಿ. ನಮ್ಮಪ್ಪ ಸ್ಕೂಟರ್ ಮೆಕ್ಯಾನಿಕ್. ಗಾಡಿ ಇನ್ನಾ ರಸ್ತಿ ಆ ಕಡಿ ಇರೋವಾಗಲೇ, ಯಾವ ನಟ್ಟು ಸಡಿಲ ಆಗೇತಿ ಅಂತ ಸಪ್ಪಳದಾಗ ಹೇಳೋ ಮನುಷ್ಯ. ಅವನ ಮಗಳಾಗಿ ನನಗ ಬಾಜೂಕ ಇದ್ದ ಮನುಷ್ಯರ ಸಪ್ಪಳ ಗೊತ್ತಾಗಲಿಲ್ಲ ನೋಡ್ರಿ.

ಎರಡು ವರ್ಷದ ಹಿಂದ ನಾನು ಟೀಚರ್ ಇರಲಿಲ್ಲ. ಅದೇ ಆಸ್ಪತ್ರಿ ಓಪಿಡಿನ್ಯಾಗ ಸ್ಟಾಫ್ ನರ್ಸ್ ಇದ್ದೆ. ಚೀಟಿ ಮಾಡಿಸಿ, ಡಾಕ್ಟರಿಗೆ ತೋರಿಸಿ, ಸೂಜಿ ಮಾಡಿಸ್ಕೊಂಡು ಮನಿಗೆ ಹೋಗೋ ಜಾಗ ಅದು. ಅಲ್ಲಿ ನನ್ನ ಮ್ಯಾಲಿನ ಇನ್‌ಚಾರ್ಜ್ ಸಿಸ್ಟರು ಗಿರಿಜಕ್ಕ.

ಗಿರಿಜಕ್ಕನ ಬಗ್ಗೆ ಏನು ಹೇಳ್ಲಿ? ನಾನು ಕಲಿಯೋಕ ಬಂದಾಗ ಕೈ ನಡುಗಿ ಸಿರಿಂಜ್ ಹಿಡಿಯೋಕ ಬರ್ತಿರಲಿಲ್ಲ. ಅಕಿ ತನ್ನ ತೋಳು ಚಾಚಿ, ‘ಚುಚ್ಚು ಲೇ, ನಾನೇನು ಸಾಯಂಗಿಲ್ಲ’ ಅಂದಿದ್ಲು. ನಾನು ಕೊಟ್ಟ ಮೊದಲನೇ ಇಂಜೆಕ್ಷನ್ ಗಿರಿಜಕ್ಕನ ತೋಳಿಗೆ. ನನ್ನ ಮಗಳು ಹುಟ್ಟೋವಾಗ ಎಂಟು ತಾಸು ನನ್ನ ಕೈ ಬಿಡದ ನಿಂತಾಕಿ ಅಕಿ. ನಮ್ಮವ್ವಗಿಂತ ಹೆಚ್ಚು ಮಾತು ನಾನು ಅಕಿ ಕೂಡ ಆಡೀನಿ. ನನ್ನ ಶಮ್ಮಿ ಅಂತ ಕರಿಯೋಳು ಅಕಿ ಒಬ್ಬಾಕಿನೇ.

ಸೂಜಿ ಕೊಡೋ ಕೋಣ್ಯಾಗ ಗಾಜಿನ ಬಾಗಿಲಿಂದು ಒಂದು ಕಪಾಟು ಇತ್ತು. ಒಳಗ ತುರ್ತು ಔಷಧಿ. ಸೂಜಿ ಯಾರ ಮೈಗಾದ್ರೂ ಒಗ್ಗದ ಗಂಟಲು ಬಾತು ಉಸಿರು ಕಟ್ಟಿದ್ರ, ಮೊದಲು ಕೊಡಬೇಕಾದ ಅಡ್ರಿನಲಿನ್ ಅದರಾಗೇ. ಔಷಧಿ ಕಳುವು ಆಗ್ತಾವು ಅಂತ ಆ ಕಪಾಟಿಗೆ ಬೀಗ. ಚಾವಿ ಒಂದೇ. ತುರ್ತು ಔಷಧಿಗೆ ಬೀಗ ಜಡಿಯೋ ಬುದ್ಧಿ ಯಾರಿಗೆ ಬಂತೋ ಏನೋ... ಆದ್ರ ನಾವೂ ಯಾರೂ ಬಾಯಿ ಬಿಟ್ಟು ಕೇಳಲಿಲ್ಲ. ಬೀಗ ಐತಿ ಅಂದ್ರ ಎಲ್ಲಾ ಸರಿ ಐತಿ ಅಂತ ನಮ್ಮ ಲೆಕ್ಕ.

ಆವತ್ತು ಸೋಮವಾರ. ಚಿಗಟೇರಿ ಕಡೆಯಾಕಿ ಒಬ್ಬ ಹೆಂಗಸು ಬಂದಿದ್ಲು, ಹನುಮಕ್ಕ ಅಂತ. ಕಾಲಿಗೆ ಮುಳ್ಳು ನೆಟ್ಟು ಕೀವು ಆಗಿತ್ತು. ಬೆಂಚಿನ ಮ್ಯಾಲ ಕುಂತು ಗಂಟು ಬಿಚ್ಚಿ, ‘ರೊಟ್ಟಿ ತಿಂತೀಯೇನು ಸಿಸ್ಟ್ರವ್ವಾ? ಗುರೆಳ್ಳ ಪುಡಿ ಐತಿ’ ಅಂದ್ಲು. ಈಗ ಹುರಿದಂಗ ಘಮ್ ಅಂತಿತ್ತು. ‘ಆಮ್ಯಾಲ ತಿಂತೀನಿ, ಮೊದ್ಲು ಸೂಜಿ ತಗೋ’ ಅಂದೆ.

ಟೆಸ್ಟ್ ಡೋಸ್ ಹಾಕಿ, ಕಾದು, ನೋಡಿ ಆಮ್ಯಾಲೇ ಪೂರ್ತಿ ಕೊಟ್ಟೆ. ಮೂರು ನಿಮಿಷ ಆಗಿರಲಿಲ್ಲ. ಕುತ್ತಿಗಿ ಕೆರಕೊಳ್ಳಾಕ ಶುರು ಮಾಡಿದ್ಲು. ತುಟಿ ಬಾತವು. ‘ಸಿಸ್ಟ್ರವ್ವಾ, ಗಂಟಲಾಗ ಏನೋ ಅಡ್ಡ ಬಂದಂಗ ಆಗತೈತಿ...’ ಅಂದ್ಲು. ಡಾಕ್ಟರು ‘ಅಡ್ರಿನಲಿನ್!’ ಅಂತ ಕೂಗಿದ್ರು.

ಕಪಾಟಿಗೆ ಬೀಗ. ಚಾವಿ ತೂಗಹಾಕೋ ಮೊಳಿ ನೋಡಿದೆ, ಇಲ್ಲ. ಡ್ರಾಯರ್, ಜೇಬು, ಟೇಬಲ್ಲು... ಇಲ್ಲ. ಬೆಳಿಗ್ಗೆ ನಾನೇ ಕಪಾಟು ತಗದು ನೋಡಿ, ಬೀಗ ಹಾಕಿ ಚಾವಿ ಗಿರಿಜಕ್ಕನ ಕೈಯಾಗ ಇಟ್ಟಿದ್ದೆ, ನನಗ ಪಕ್ಕಾ ನೆನಪಿತ್ತು. ಗಿರಿಜಕ್ಕನೇ ಇಲ್ಲ! ಒಬ್ರು ಮ್ಯಾಲಿನ ವಾರ್ಡಿಗೆ ಓಡಿದ್ರು, ಇನ್ನೊಬ್ರು ಅಕಿನ ಹುಡುಕ್ಕೊಂಡು ಕ್ವಾರ್ಟರ್ಸ್ ಕಡಿ ಓಡಿದ್ರು. ಗಾಜಿನ ಒಳಗ ಔಷಧಿ ಬಾಟ್ಲಿ ಸಾಲಾಗಿ ಕಾಣ್ತಿದ್ದವು, ಹೆಸರು ಓದೋಕ ಬರ್ತಿತ್ತು. ವಾರ್ಡಿಂದ ಔಷಧಿ ಬರೋದ್ರಾಗ ಹನುಮಕ್ಕನ ಕೈ ನನ್ನ ಕೈಯಾಗ ತಣ್ಣಗಾಗಿತ್ತು. ಅಕಿ ಗಂಟು ಬೆಂಚಿನ ಕೆಳಗ ಹಂಗೇ ಇತ್ತು.

ಮಧ್ಯಾಹ್ನ ಗಿರಿಜಕ್ಕ ಬಂದು ನನ್ನ ತಬ್ಬಿಕೊಂಡ್ಲು. ಕ್ವಾರ್ಟರ್ಸಿನ್ಯಾಗ ಯಾರದೋ ಸೀಮಂತ ಇತ್ತಂತ, ಒಂದು ಕಾಗದದಾಗ ಎರಡು ಹೋಳಿಗಿ ಕಟ್ಟಿಕೊಂಡು ಬಂದಿದ್ಲು. ‘ಬೆಳಿಗ್ಗಿಂದ ಏನೂ ತಿಂದಿಲ್ಲ ಲೇ ನೀನು’ ಅಂತ ಆ ಪೊಟ್ಟಣ ತಾನೇ ನನ್ನ ಚೀಲದ ಮುಂದಿನ ಜೇಬಿನ್ಯಾಗ ತುರುಕಿದ್ಲು.

ಸಂಜಿ ಆಫೀಸಿನೋರು ಬಂದು ಎಲ್ಲಾರ ಚೀಲ ತೆಗೆಸಿದ್ರು. ನನ್ನ ಚೀಲದ ಮುಂದಿನ ಜೇಬಿನ್ಯಾಗ, ಹೋಳಿಗಿ ಪೊಟ್ಟಣದ ತಳಕ್ಕ ಅಂಟಿಕೊಂಡು... ಚಾವಿ ಇತ್ತು. ತುಪ್ಪ ಹತ್ತಿ ಮಿರಮಿರ ಅಂತಿತ್ತು.

ವಿಚಾರಣಿನ್ಯಾಗ ಗಿರಿಜಕ್ಕ, ‘ಚಾವಿ ನನಗ ಕೊಟ್ಟಿರಲಿಲ್ರಿ. ಆದ್ರ ಹುಡುಗಿ ಒಳ್ಳೇಕಿ, ಮರ್ತಾಳ. ಕೆಲಸದಿಂದ ತಗೀಬ್ಯಾಡ್ರಿ’ ಅಂತ ಅತ್ತು ಕೇಳಿಕೊಂಡ್ಲು. ನನಗ ಮೆಮೊ ಕೊಟ್ಟು, ವಾರ್ಡಿನಿಂದ ತಗದು, ಸ್ಕೂಲಿಗೆ ಹಾಕಿದ್ರು. ಗಿರಿಜಕ್ಕನ ದಯಾದಿಂದ ಕೆಲಸ ಉಳೀತು ಅಂತ ನಾನು ಅಕಿ ಕಾಲಿಗೆ ಬಿದ್ದೆ. ಹೌದ್ರಿ, ಬಿದ್ದೆ!

ಎರಡು ವರ್ಷ ನನಗ ಒಂದೇ ಯೋಚನಿ. ಅಕಿ ಕೈಯಾಗ ಚಾವಿ ಇಟ್ಟ ನೆನಪು ಇಷ್ಟು ಪಕ್ಕಾ ಇರೋವಾಗ ಚೀಲದಾಗ ಹೆಂಗ ಬಂತು? ನನ್ನ ತಲಿನೇ ಕೆಟ್ಟೈತೇನು? ನಾನೇ ಹನುಮಕ್ಕನ ಕೊಂದೆನೇನು? ಮನಿ ಬಿಡೋಕ ಮುಂಚೆ ಚೀಲ ಬೋರಲು ಹಾಕಿ ಝಾಡಿಸೋದು ಚಟ ಆಗೋತು. ಒಂದು ಸಲ ಅಲ್ಲ, ನಾಕು ಸಲ. ನನ್ನ ಮಗಳು ಈಗ ಅದನ್ನ ನೋಡಿ ನಗೋದೂ ಬಿಟ್ಟಾಳ.

ಹಿಂಗಿರೋವಾಗ ಆ ತರಬೇತಿ ಬಂತು.

ಐದು ತಾಲೂಕಿನ ನರ್ಸಿಂಗ್ ಟೀಚರ್‌ಗಳಿಗೆ, ಕಲಿಸೋ ಸಿಸ್ಟರ್‌ಗಳಿಗೆ. ಓಪಿಡಿನ್ಯಾಗ ದಿಢೀರ್ ಅಂತ ರೋಗಿ ಬಿದ್ರ ಏನು ಮಾಡ್ಬೇಕು, ಅದನ್ನ ಹುಡುಗಿಯರಿಗೆ ಹೆಂಗ ಕಲಿಸ್ಬೇಕು ಅಂತ ರೋಗಿ ಜಾಗದಾಗ ರಬ್ಬರ್ ಬೊಂಬಿ ಇಟ್ಟು ಆಡಿ ತೋರ್ಸೋದು. ಹೊರಗಿನಿಂದ ವಿನುತಾ ಮೇಡಂ ಅಂತ ತರಬೇತುದಾರರು ಬಂದಿದ್ರು. ‘ಕ್ಲಾಸ್ ರೂಮಲ್ಲಿ ಬೇಡ, ನಿಜವಾದ ಓಪಿಡಿಯಲ್ಲೇ ಮಾಡೋಣ. ಆಗಲೇ ನಿಜವಾದ ತಪ್ಪು ಗೊತ್ತಾಗೋದು’ ಅಂದ್ರು. ಹಗಲೆಲ್ಲಾ ರೋಗಿಗಳ ಗದ್ದಲ. ಅದಕ್ಕ ಶನಿವಾರ, ಓಪಿಡಿ ಬಂದ್ ಆದ ಮ್ಯಾಲ, ರಾತ್ರಿ ಏಳಕ್ಕ ಅಂತ ಗೊತ್ತು ಮಾಡಿದ್ರು.

ಅದೇ ಕೋಣಿ. ಅದೇ ಕಪಾಟು. ಅದೇ ಬೀಗ. ನಾನು ಎರಡು ವರ್ಷದಾಗ ಆ ಹೊಸ್ತಿಲು ದಾಟಿರಲಿಲ್ಲ.

ಶುರು ಮಾಡೋಕ ಮುಂಚೆ ಮೇಡಂ ಎಲ್ಲಾರ ಕೈ ಎತ್ತಿಸಿ ಒಂದು ಮಾತು ಹೇಳಿಸಿದ್ರು. ‘ಈ ಕೋಣೆಯಲ್ಲಿ ಆಗಿದ್ದು ಈ ಕೋಣೆಯಲ್ಲೇ ಉಳಿಯುತ್ತೆ. ತಪ್ಪು ಮಾಡಿದವರನ್ನ ಯಾರೂ ಹೊರಗೆ ಆಡಿಕೊಳ್ಳೋದಿಲ್ಲ.’ ಇಂಥಾ ತರಬೇತಿನ್ಯಾಗ ಎಲ್ಲಾ ಕಡಿ ಇದೇ ನಿಯಮ, ಹೆದರದ ತಪ್ಪು ಮಾಡ್ಲಿ, ಕಲೀಲಿ ಅಂತ. ಫೋನಿನ್ಯಾಗ ವಿಡಿಯೋ ಮಾಡ್ತಾರ, ಚರ್ಚೆಗೆ ತೋರಿಸ್ತಾರ, ಆಮ್ಯಾಲ ನಮ್ಮ ಎದುರಿಗೇ ಆ ವಿಡಿಯೋ ಅಳಿಸಿ ಹಾಕ್ತಾರ. ಕಾಗದಕ್ಕ ಸಹಿನೂ ಹಾಕಿದ್ವಿ.

ಚೀಟಿ ಎತ್ತಿದ್ವಿ. ಸೂಜಿ ಕೊಡೋ ನರ್ಸ್, ಗಿರಿಜಕ್ಕ. ಸಹಾಯಕ್ಕ ಬರೋ ನರ್ಸ್, ನಾನು. ಹರಪನಹಳ್ಳಿ ಕಡೆಯ ಟೀಚರ್ ಬಸವರಾಜಗ ಬೊಂಬಿ ದನಿ. ಅವ ಬಾಜೂ ಕೋಣ್ಯಾಗ ಮೈಕ್ ಹಿಡ್ಕೊಂಡು ಮಾತಾಡಿದ್ರ, ಬೊಂಬಿ ದಿಂಬಿನ ಕೆಳಗ ಇಟ್ಟಿದ್ದ ಸ್ಪೀಕರಿನ್ಯಾಗ ಬರ್ತೈತಿ. ಉಳಿದ ನಾಕು ಮಂದಿ ಹಿಂದ ಬೆಂಚಿನ ಮ್ಯಾಲ.

ಮೇಡಂ ಸನ್ನಿವೇಶ ಓದಿದ್ರು. ‘ಓಪಿಡಿಯಲ್ಲಿ ಇಂಜೆಕ್ಷನ್ ತಗೊಂಡ ಹೆಂಗಸಿಗೆ ಮೂರು ನಿಮಿಷದಲ್ಲಿ ಉಸಿರು ಕಟ್ಟುತ್ತೆ...’

ಎದ್ದು ಓಡಿಬಿಡ್ಲೇನು ಅನ್ನಿಸ್ತು. ಗಿರಿಜಕ್ಕ ಮೆಲ್ಲಕ ನನ್ನ ಕೈ ಒತ್ತಿ, ‘ನಾನದೀನಲ್ಲ ಲೇ ಶಮ್ಮಿ’ ಅಂದ್ಲು. ಆ ಕೈ ಬೆಚ್ಚಗಿತ್ತು. ನಾನು ನಿಂತೆ.

ಮೊದಲು ನಗೀನೇ ಆತು. ಬಸವರಾಜ ಹೆಣ್ಣು ದನಿ ತಗದು, ‘ಅಯ್ಯಯ್ಯೋ, ಮೈಯೆಲ್ಲಾ ತುರಿಸ್ತೈತ್ರೀ ಸಿಸ್ಟರ್ರೇ’ ಅಂದ. ಬೆಂಚಿನ ಮ್ಯಾಲಿನೋರು ಕಿಸಕ್ ಅಂದ್ರು. ನಾನೂ ನಕ್ಕೆ. ಬೊಂಬಿ ಬಾಯಿ ತೆರಕೊಂಡು ಮ್ಯಾಲಿನ ಮಾಡು ನೋಡ್ಕೊಂತ ಬಿದ್ದಿತ್ತು. ಹೊಸ ರಬ್ಬರಿನ ವಾಸನಿ, ಫಿನಾಯಿಲ್ ವಾಸನಿ...

ಅಷ್ಟರಾಗ ಕರೆಂಟ್ ಹೋತು.

ಫ್ಯಾನು ಕರ್ ಕರ್ ಅಂತ ನಿಂತ್ವು. ಜನರೇಟರ್ ವಾರ್ಡಿಗೆ ಮಾತ್ರ, ಓಪಿಡಿಗೆ ಇಲ್ಲ. ಮೂಲ್ಯಾಗಿನ ಎಮರ್ಜೆನ್ಸಿ ಲೈಟು ಹತ್ತಿ, ಅದರ ಬೆಳಕು ನೇರ ಹೋಗಿ ಕಪಾಟಿನ ಗಾಜಿಗೆ ಬಿತ್ತು. ಮೇಡಂ ಕತ್ತಲಾಗ, ‘ನಿಲ್ಲಿಸಬೇಡಿ. ನಿಜವಾಗಿ ಆದಾಗಲೂ ಕರೆಂಟ್ ಹೋಗುತ್ತೆ. ಮುಂದುವರಿಸಿ’ ಅಂದ್ರು.

ದಿಂಬಿನ ಕೆಳಗಿನ ಸ್ಪೀಕರ್ ಗ್ವಾಡಿ ಪ್ಲಗ್ಗಿಗೆ ಹಾಕಿದ್ದು. ಅದರ ಕೆಂಪು ದೀಪ ಆರಿದ್ದನ್ನ ನಾನು ಕಣ್ಣಾರೆ ನೋಡಿದೆ.

ಆಮ್ಯಾಲ...

‘ಸಿಸ್ಟ್ರವ್ವಾ...’

ಮೆಲ್ಲಕ. ಹೆಣ್ಣು ದನಿ. ಬಸವರಾಜನ ಚೇಷ್ಟಿ ದನಿ ಅಲ್ಲ. ಪರವಾಗಿಲ್ಲ, ಈಗ ಚಲೋ ಆ್ಯಕ್ಟ್ ಮಾಡಾಕತ್ಯಾನ ಅನ್ಕೊಂಡೆ. ಸಿರಿಂಜ್ ತಗೊಳ್ಳಾಕ ಬಗ್ಗಿದೆ. ಅವಾಗ ಬಂತು ವಾಸನಿ.

ಹುರಿದ ಗುರೆಳ್ಳ ವಾಸನಿ. ಮಿರ್ಚಿ ಬಂಡಿ ವಾಸನಿ ಅಲ್ರಿ, ಅದು ನನಗ ಗೊತ್ತಾಗ್ತೈತಿ. ಇದು ಬೆಂಚಿನ ಕೆಳಗಿಂದ ಏಳಾಕತ್ತಿತ್ತು.

‘ಗಂಟಲಾಗ ಏನೋ ಅಡ್ಡ ಬಂದಂಗ ಆಗತೈತಿ...’

ಅದೇ ಮಾತು. ಒಂದಕ್ಷರ ಆಚೀಚಿ ಇಲ್ಲ. ಆ ಮಾತು ನಾನು ಯಾರಿಗೂ ಹೇಳಿರಲಿಲ್ಲ, ವಿಚಾರಣಿನ್ಯಾಗೂ ಹೇಳಿರಲಿಲ್ಲ. ನನ್ನ ಎಡಗೈ ಬೊಂಬಿ ಎದಿ ಮ್ಯಾಲ ಇತ್ತು. ರಬ್ಬರು... ಬಿಸಿ ಆಗಿತ್ತು. ಜ್ವರ ಬಂದೋರ ಮೈ ಹಂಗ.

ಗಿರಿಜಕ್ಕನ ಕಡೆ ನೋಡಿದೆ. ಅಕಿಗೂ ಕೇಳಿಸಿತ್ತು. ಮಾರಿ ಬಿಳಿಚಿತ್ತು.

‘ಗಿರಿಜವ್ವಾ... ಚಾವಿ ಎಲ್ಲೈತಿ?’

ಅಕಿ ಕೈಯಾಗಿನ ಸಿರಿಂಜ್ ಟಣ್ ಅಂತ ನೆಲಕ್ಕ ಬಿತ್ತು. ಬಲಗೈ ತಾನಾಗೇ ತನ್ನ ಜೇಬಿಗೆ ಹೋತು.

‘ನನ್ನ ಹತ್ರ ಐತಿ ಯವ್ವಾ... ನನ್ನ ಜೇಬಿನ್ಯಾಗೇ ಇತ್ತು. ಶಮ್ಮಿ ಬೆಳಿಗ್ಗಿನೇ ಕೊಟ್ಟಿದ್ಲು. ಹತ್ತು ನಿಮಿಷ ಅಂತ ಸೀಮಂತಕ್ಕ ಹೋಗಿದ್ದೆ... ಊಟಕ್ಕ ಕುಂದ್ರಿಸಿಬಿಟ್ರು. ಓಡಿ ಬರೋದ್ರಾಗ ನೀನು ಇರಲಿಲ್ಲ. ನಾನೇ... ಹೋಳಿಗಿ ಕೂಡ ಅಕಿ ಚೀಲದಾಗ ನಾನೇ ಹಾಕಿದೆ ಯವ್ವಾ. ನನ್ನ ಬಿಟ್ಟುಬಿಡು...’

ಎರಡು ವರ್ಷ ನಾನು ಬೋರಲು ಹಾಕಿ ಝಾಡಿಸಿದ ಚೀಲ... ಕಣ್ಣ ಮುಂದ ಬಂತು. ತುಪ್ಪ ಹತ್ತಿದ ಚಾವಿ! ತುಪ್ಪ ಎಲ್ಲಿಂದ ಬಂತು ಅಂತ ಒಂದು ಸಲನಾದ್ರೂ ಕೇಳಿಕೊಂಡೆನಾ ನಾನು? ಅಕಿನ ನಂಬೋ ಕೆಲಸದಾಗ ನನ್ನ ನಾನೇ ನಂಬಲಿಲ್ಲ.

ಅಷ್ಟಕ್ಕ ಮುಗೀಲಿಲ್ಲ. ಆ ದನಿ ನನ್ನ ಕಡೆ ಹೊಳ್ಳಿತು. ನನಗೂ ಒಂದು ಮಾತು ಕೇಳ್ತು. ನಾನು ಉತ್ತರಾನೂ ಕೊಟ್ಟೆ. ಅದೇನು ಅಂತ ಕಡೀಕ ಹೇಳ್ತೀನಿ, ಈಗ ಹೇಳೋಕ ಧೈರ್ಯ ಸಾಲದು.

ಬಾಗಿಲಾಗ ಟಾರ್ಚ್ ಬೆಳಕು ಬಿತ್ತು. ಬಸವರಾಜ ಏದುಸಿರು ಬಿಟ್ಕೊಂತ ನಿಂತಿದ್ದ.

‘ಸಾರಿ ಮೇಡಂ, ಮೈಕ್ ಬಂದ್ ಆತಲ್ರಿ. ಓಪಿಡಿಗೂ ಲೈನ್ ಕೊಡ್ತಾರೇನೋ ಅಂತ ಜನರೇಟರ್ ಹತ್ರ ಓಡಿಹೋಗಿದ್ದೆ. ಆಗಲ್ಲ ಅಂದ್ರು. ಶುರುವಿಂದ ಮಾಡೋಣೇನ್ರಿ?’

ಹಿಂದಿನಿಂದ ಚಪ್ಪಾಳಿ ಬಿತ್ತು. ಹೌದ್ರಿ, ಚಪ್ಪಾಳಿ! ಬೆಂಚಿನ ಮ್ಯಾಲಿನ ನಾಕೂ ಮಂದಿ ಎದ್ದು ನಿಂತಿದ್ರು. ‘ಏನ್ ಆ್ಯಕ್ಟಿಂಗ್ ರೀ ನಿಮ್ಮದು! ಬೊಂಬಿ ಸುಮ್ಮನಿದ್ರೂ ನೀವಿಬ್ರೇ ನಡೆಸಿಬಿಟ್ರಲ್ಲ!’

ಬೊಂಬಿ ಸುಮ್ಮನಿದ್ರೂ... ಅವರಿಗೆ ಕೇಳೇ ಇರಲಿಲ್ಲ.

ಕರೆಂಟ್ ಬಂದ ಮ್ಯಾಲ ಎಲ್ಲಾರೂ ಸುತ್ತ ಕುಂತು ಚರ್ಚಾ. ಮೇಡಂ ಫೋನಿನ ವಿಡಿಯೋ ಹಾಕಿದ್ರು. ನಾನು ಉಸಿರು ಹಿಡಿದು ನೋಡಿದೆ. ಕತ್ತಲಾಗ ಗಿರಿಜಕ್ಕನ ಮಾತು ಸ್ಪಷ್ಟ ಐತಿ. ‘ನನ್ನ ಹತ್ರ ಐತಿ ಯವ್ವಾ’ ಅನ್ನೋದು, ‘ಅಕಿ ಚೀಲದಾಗ ನಾನೇ ಹಾಕಿದೆ’ ಅನ್ನೋದು, ಎಲ್ಲಾ ಐತಿ. ಅಕಿನ ಕೇಳಿದ ದನಿ ಮಾತ್ರ ಇಲ್ಲ. ಆ ಜಾಗದಾಗ ಬರೇ ಸೊಂಯ್ ಅಂತ ಗಾಳಿ ಸಪ್ಪಳ. ಕಡೀಕ ನನ್ನ ದನಿ, ‘ನನಗ ಹೊಳೀಲೇ ಇಲ್ಲವ್ವಾ...’

‘ಶಮೀಮ್, ಇಲ್ಲಿ ಯಾವ ಪ್ರಶ್ನೆಗೆ ಉತ್ತರ ಕೊಡ್ತಿದ್ರಿ?’ ಅಂತ ಮೇಡಂ ಕೇಳಿದ್ರು. ನಾನು ಫೋನಿನ ಕಡೆನೇ ನೋಡಿಕೊಂತ ಕುಂತೆ. ಅವರು ಗಿರಿಜಕ್ಕನ ಕಡೆ ತಿರುಗಿ ನಕ್ಕು, ‘ತಪ್ಪನ್ನ ಮುಚ್ಚಿಟ್ಟ ನರ್ಸ್ ಪಾತ್ರವನ್ನ ನೀವೇ ಸೇರಿಸಿದಿರಲ್ಲ, ಅದು ಎಲ್ಲರಿಗೂ ಪಾಠ’ ಅಂದ್ರು.

ನಾನು ಎದ್ದು ನಿಂತೆ.

‘ಮೇಡಂ, ಅದು ಪಾತ್ರ ಅಲ್ರಿ. ಎರಡು ವರ್ಷದ ಹಿಂದ ಇದೇ ಕೋಣ್ಯಾಗ ಆಗಿದ್ದು ಅದು. ಅಕಿ ಹೇಳಿದ್ದು ಖರೇ.’

ಎಲ್ಲಾರೂ ಗಿರಿಜಕ್ಕನ ನೋಡಿದ್ರು. ನಾನೂ ನೋಡಿದೆ. ಇವಾಗ ಹೇಳ್ತಾಳ, ಅತ್ತಾದ್ರೂ ಹೇಳ್ತಾಳ ಅನ್ಕೊಂಡೆ. ನನ್ನ ಮೊದಲ ಸೂಜಿಗೆ ತೋಳು ಕೊಟ್ಟಾಕಿ.

ಗಿರಿಜಕ್ಕ ನಿಧಾನಕ ಸೆರಗಿನಿಂದ ಮಾರಿ ಒರೆಸ್ಕೊಂಡ್ಲು. ಆಮ್ಯಾಲ ಮೇಡಂ ಕಡೆ ನೋಡಿ, ಬಾಳ ಮರುಕದಿಂದ ಅಂದ್ಲು, ‘ಪಾಪ, ಹುಡುಗಿ ಇನ್ನಾ ಅದರಾಗಿಂದ ಹೊರಗ ಬಂದಿಲ್ರಿ ಮೇಡಂ. ಅಕಿ ಮನಸ್ಸಿಗೆ ಸಮಾಧಾನ ಆಗ್ಲಿ ಅಂತ ನಾನೇ ತಪ್ಪು ಮಾಡಿದಂಗ ಆಡಿದೆ.’

ಮೇಡಂ ಬಂದು ನನ್ನ ಹೆಗಲ ಮ್ಯಾಲ ಕೈ ಇಟ್ರು. ‘ಇಂಥ ತರಬೇತಿಯಲ್ಲಿ ಹಳೇ ನೋವು ಮೇಲೆ ಬರೋದು ಸಹಜ ಶಮೀಮ್. ಇಲ್ಲಿ ಯಾರನ್ನೂ ದೂಷಿಸೋದು ಬೇಡ. ನಿಯಮ ನೆನಪಿದೆಯಲ್ಲ?’

ನನ್ನ ಕಣ್ಣ ಮುಂದೇ ವಿಡಿಯೋ ಅಳಸಿದ್ರು. ಒಂದು ಬೆರಳು ಒತ್ತಿದ್ರು ಅಷ್ಟ. ಎರಡು ವರ್ಷದಾಗ ನನ್ನ ಕಡೆ ಸಾಕ್ಷಿ ಅಂತ ಇದ್ದಿದ್ದು ಅದೊಂದೇ.

ಎಲ್ಲಾರೂ ಹೊರಗ ಹೋದ ಮ್ಯಾಲ ವರಾಂಡದಾಗ ಗಿರಿಜಕ್ಕನ ಅಡ್ಡಗಟ್ಟಿದೆ.

‘ಯಾಕಕ್ಕ?’

ಅಕಿ ನೆಲ ನೋಡಿಕೊಂತ ನಿಂತ್ಲು. ‘ನನಗ ರಿಟೈರ್ ಆಗಾಕ ಮೂರು ವರ್ಷ ಇತ್ತು ಲೇ. ಇಷ್ಟು ವರ್ಷ ಒಂದು ಕಪ್ಪು ಚುಕ್ಕಿ ಇಲ್ಲದಂಗ ದುಡಿದಿದ್ದೆ. ನಿನಗ ವಯಸ್ಸೈತಿ, ತಡ್ಕೊಂತಿ ಅನ್ಕೊಂಡೆ.’

‘ಆ ದನಿ ನಿನಗ ಕೇಳಿಸ್ತಲ್ಲ? ಖರೇ ಹೇಳು!’

‘ಯಾವ ದನಿ?’ ಅಂದ್ಲು. ಕಣ್ಣು ಮಾತ್ರ ನನ್ನ ಹಿಂದಿದ್ದ ಬಾಗಿಲಿನ ಮ್ಯಾಲೇ ಇತ್ತು. ಆಮ್ಯಾಲ ದನಿ ಇನ್ನಷ್ಟು ತಗ್ಗಿಸಿ, ‘ಈ ಕೋಣ್ಯಾಗ ಆಗಿದ್ದು ಇಲ್ಲೇ ಉಳೀತೈತಿ ಅಂತ ನೀನೂ ಕೈ ಎತ್ತೀಯಲ್ಲ ಶಮ್ಮಿ’ ಅಂದು, ಗೇಟಿನ ಕಡೆ ನಡೆದುಬಿಟ್ಲು. ಮಿರ್ಚಿ ಬಂಡಿ ಬೆಳಕಿನ್ಯಾಗ ಅಕಿ ಬೆನ್ನು ಕಾಣೋತನಕ ನಾನು ನಿಂತಿದ್ದೆ. ಹನುಮಕ್ಕನ ಸಾವಿಗಿಂತ ಆ ಬೆನ್ನು ನನ್ನ ಹೆಚ್ಚು ಅಳಿಸ್ತು ಅಂತ ಹೇಳೋಕ ನನಗೇ ನಾಚಿಕಿ ಆಗ್ತೈತಿ. ಆದ್ರ ಹಂಗೇ ಆಗಿದ್ದು.

ಓಪಿಡಿಗೆ ಬೀಗ ಹಾಕಿ ಚಾವಿ ವಾಚ್‌ಮನ್ ಕೈಗೆ ಕೊಟ್ಟು ಹೋದಾಕಿ ನಾನೇ. ಭಾನುವಾರ ಓಪಿಡಿ ಇಲ್ಲ.

ಸೋಮವಾರ ಬೆಳಿಗ್ಗೆ ಬಾಗಿಲು ತಗದ್ರ, ಸೂಜಿ ಕೋಣಿ ಕಪಾಟಿನ ಗಾಜು ಒಡೆದು ಚೂರುಚೂರಾಗಿತ್ತು. ಬೀಗ ಬೀಗದ ಜಾಗದಾಗೇ ಐತಿ. ಬಾಟ್ಲಿ ಒಂದೂ ಅಲುಗಿಲ್ಲ. ಕಿಟಕಿ ಒಳಗಿಂದ ಚಿಲಕ ಹಾಕಿದ್ದು ಹಂಗೇ ಐತಿ. ಮತ್ತ ಹೊರಗಿನಿಂದ ಹೊಡೆದ್ರ ಗಾಜು ಕಪಾಟಿನ ಒಳಗ ಬೀಳಬೇಕಲ್ರಿ? ಒಂದು ಚೂರೂ ಒಳಗ ಇರಲಿಲ್ಲ. ಎಲ್ಲಾ ಹೊರಗ, ನೆಲದ ಮ್ಯಾಲ, ಬೊಂಬಿ ಮಲಗಿಸಿದ್ದ ಮಂಚದ ತನಕ ಹಾಸಿತ್ತು.

ಕಡೀಕ ಹೋದಾಕಿ ನಾನು. ಮಧ್ಯಾಹ್ನದಾಗ ಆಫೀಸಿನಿಂದ ಮೆಮೊ ಬಂತು. ‘ಸಂಸ್ಥೆಯ ಕಪಾಟಿನ ಗಾಜು ಒಡೆದ ಬಗ್ಗೆ ವಿವರಣೆ ಕೊಡತಕ್ಕದ್ದು.’

ಆ ಮೆಮೊ ಓದಿದಾಗ ಎದ್ದು ಹೋಗಿ ಎಲ್ಲಾ ಬಾಯಿ ಬಿಟ್ಟು ಹೇಳಬೇಕಿತ್ತು ನಾನು. ನಾನಲ್ಲ, ಮೊದಲನೇ ಸಲಾನೂ ನಾನಲ್ಲ, ಈ ಸಲಾನೂ ನಾನಲ್ಲ ಅಂತ. ಆದ್ರ ಶನಿವಾರ ರಾತ್ರಿ ಆ ದನಿ ನನಗ ಕೇಳಿದ ಮಾತು ಕಿವ್ಯಾಗ ಕುಂತಿತ್ತು.

ಈಗ ಹೇಳ್ತೀನಿ ಅದನ್ನ. ಸಿಟ್ಟು ಇರಲಿಲ್ಲ ಆ ದನಿಯಾಗ. ರೊಟ್ಟಿ ತಿಂತೀಯೇನು ಅಂತ ಕೇಳಿದಂಗೇ ಕೇಳಿದ್ಲು.

‘ಚಾವಿ ಇರಲಿಲ್ಲ, ಖರೇ. ಕಪಾಟ ಬಾಗಿಲು ಗಾಜಿಂದು ಇತ್ತಲ್ಲ ಸಿಸ್ಟ್ರವ್ವಾ... ಯಾಕ ಒಡೀಲಿಲ್ಲ?’

ಅಷ್ಟು ಜನ ಇದ್ವಿ ಆವತ್ತು. ಡಾಕ್ಟರು ಇದ್ರು, ನಾನಿದ್ದೆ. ಬಾಜೂಕ ಸಲೈನ್ ಸ್ಟ್ಯಾಂಡ್ ಇತ್ತು, ಕಬ್ಬಿಣದ್ದು. ಬಾಟ್ಲಿ ಕಣ್ಣಿಗೆ ಕಾಣ್ತಿತ್ತು. ಎಲ್ಲಾರೂ ಚಾವಿ ಹುಡುಕಿದ್ವಿ. ಸಂಸ್ಥೆ ಗಾಜು, ಒಡೆದ್ರ ವಿವರಣಿ ಬರದು ಕೊಡಬೇಕು ಅನ್ನೋ ಭಯ ನಮ್ಮ ಎಲುಬಿನ್ಯಾಗ ಎಷ್ಟು ಇಳಿದಿತ್ತು ಅಂದ್ರ, ಒಡೀಬಹುದು ಅಂತ ಒಬ್ರಿಗೂ ಹೊಳೀಲೇ ಇಲ್ಲ.

ಗಿರಿಜಕ್ಕ ನನಗ ಮೋಸ ಮಾಡಿದ್ಲು. ಅದು ಖರೇ. ಸಾಯೋತನಕ ಮರಿಯಂಗಿಲ್ಲ. ಆದ್ರ ಹನುಮಕ್ಕಗ ಮೋಸ ಮಾಡಿದೋರು ಯಾರು?

ಕಾಗದ ಮುಂದ ಇಟ್ಕೊಂಡು ಬರದೆ: ‘ಹೌದು. ಗಾಜು ನಾನೇ ಒಡೆದೆ. ಎರಡು ವರ್ಷ ತಡವಾಗಿ ಒಡೆದೆ.’ ಸಹಿ ಹಾಕಿ ಕೊಟ್ಟು ಬಂದೆ. ಅವರು ಏನು ತಿಳ್ಕೊಂಡ್ರೋ, ಫೈಲಿನ್ಯಾಗ ಇಟ್ರು.

ಗಿರಿಜಕ್ಕ ಇನ್ನಾ ಅಲ್ಲೇ ಅದಾಳ, ಅದೇ ಕುರ್ಚಿ ಮ್ಯಾಲ. ಎದುರಾದ್ರ ‘ಊಟ ಆತೇನ್ ಲೇ ಶಮ್ಮಿ’ ಅಂತಾಳ. ನಾನು ಮಾತಾಡೋದಿಲ್ಲ. ಆ ಸೂಜಿ ಕೋಣಿಗೆ ಮಾತ್ರ ಅಕಿ ಒಬ್ಬಾಕಿನೇ ಹೋಗೋದಿಲ್ಲ ಅಂತ ಹುಡುಗಿಯರು ಮಾತಾಡ್ಕೊಂತಾರ.

ಕಪಾಟಿಗೆ ಹೊಸ ಗಾಜು ಹಾಕಿಸ್ಯಾರ. ಮೊನ್ನೆ ಸಂಜಿ, ದೀಪ ಹಚ್ಚೋ ಹೊತ್ತಿನ್ಯಾಗ, ಆ ಬಾಗಿಲ ಮುಂದ ಹಾಯಾಕತ್ತಿದ್ದೆ. ಒಳಗ ಯಾರೂ ಇರಲಿಲ್ಲ. ಘಮ್ ಅಂತ ಗುರೆಳ್ಳ ವಾಸನಿ ಬಂತು. ನಿಲ್ಲಬಾರದು ಅಂತ ಇದ್ರೂ ನಿಂತು ಒಳಗ ಹಣಿಕಿ ನೋಡಿದೆ.

ಹೊಸ ಗಾಜಿನ ಮ್ಯಾಲ ಹೊಸ ಬೀಗ ಜಡಿದಿದ್ರು.